ತಿರುಮಣಿಯ ಬಿಸಿಲಿಗೆ ಬೆಲೆ ಕಟ್ಟಿದವರು ಯಾರು?

ತುಮಕೂರಿನಿಂದ ಮಧುಗಿರಿ ದಾಟಿ ಉತ್ತರಕ್ಕೆ ಹೊರಟರೆ, ಕರ್ನಾಟಕದ ನಕ್ಷೆ ಆಂಧ್ರದೊಳಗೆ ಚಾಚಿಕೊಂಡ ಮೂಲೆಯಲ್ಲಿ ಪಾವಗಡ ಸಿಗುತ್ತದೆ. ಪೇಟೆಯಲ್ಲಿ ಕನ್ನಡದ ಜೊತೆಜೊತೆಗೇ ತೆಲುಗು ಕೇಳಿಸುತ್ತದೆ. ನೆತ್ತಿಯ ಮೇಲೆ ಕೋಟೆ ಹೊತ್ತ ಬಂಡೆಬೆಟ್ಟ, ಕೆಳಗೆ ಶನಿಮಹಾತ್ಮನ ಗುಡಿ. ಹರಕೆ ಹೊತ್ತು ಬರುವವರ ಪಯಣ ಇಲ್ಲಿಗೆ ಮುಗಿಯುತ್ತದೆ. ನಾನು ಅಲ್ಲಿಂದ ಮುಂದೆ, ಉತ್ತರ ಪಿನಾಕಿನಿಯ ದಂಡೆಯ ನಾಗಲಮಡಿಕೆಯ ಕಡೆ ಹೊರಟೆ. ಆ ಹೋಬಳಿಯ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಹೊಲಗಳಲ್ಲಿ ಹರಡಿರುವುದು ‘ಶಕ್ತಿಸ್ಥಳ’: 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್.

ಕರೆಂಟನ್ನು ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಅದು ಸರ್ಕಾರದ್ದೇ ಹೊಣೆ ಎನ್ನುವವರೂ ನಮ್ಮಲ್ಲಿ ಎಷ್ಟೋ ವರ್ಷಗಳಿಂದ ವಾದಿಸುತ್ತಿದ್ದಾರೆ. ಇಬ್ಬರೂ ಒಮ್ಮೆ ಬಂದು ನೋಡಬೇಕಾದ ಜಾಗ ಇದು.

ಹೊಲ

ರಸ್ತೆಯ ಎರಡೂ ಬದಿಗೆ ತಂತಿಬೇಲಿ, ಅದರೊಳಗೆ ಕಣ್ಣು ಹಾಯುವಷ್ಟು ದೂರ ನೀಲಿ ಫಲಕಗಳ ಸಾಲು. ಸುಮಾರು 13,000 ಎಕರೆ. ಹಿಂದೆ ಇಲ್ಲಿ ಬೆಳೆಯುತ್ತಿದ್ದುದು ಮಳೆ ನಂಬಿದ ಕಡಲೆಕಾಯಿ. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಪಾವಗಡದ ಹೆಸರು ತಪ್ಪಿದ ವರ್ಷಗಳೇ ವಿರಳ. ಕೊಳವೆಬಾವಿ ಕೊರೆದರೆ ಬರುವುದು ಫ್ಲೋರೈಡ್ ನೀರು. ಬೆಳೆಗೆ ಶಾಪವಾಗಿದ್ದ ಬಿಸಿಲು ಮತ್ತು ಮೋಡವಿಲ್ಲದ ಆಕಾಶವೇ ಸೋಲಾರ್‌ಗೆ ಹೇಳಿಮಾಡಿಸಿದಂತಾಯಿತು.

ಈ ನೆಲವನ್ನು ಸರ್ಕಾರ ರೈತರಿಂದ ಸ್ವಾಧೀನ ಮಾಡಿಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆಯಿತು. 2015ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ ಕಟ್ಟಿದ ಕಂಪನಿ ರೈತರೊಡನೆ 28 ವರ್ಷಗಳ ಕರಾರು ಮಾಡಿಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಸಾವಿರಾರು ಸಣ್ಣ ಹಿಡುವಳಿದಾರರ ಮನೆಬಾಗಿಲಿಗೆ ಒಬ್ಬೊಬ್ಬ ಖಾಸಗಿ ಹೂಡಿಕೆದಾರನೂ ಪ್ರತ್ಯೇಕವಾಗಿ ಹೋಗಿದ್ದರೆ ಇಷ್ಟು ನೆಲ ಒಂದೇ ಕಡೆ ಕೂಡಿಬರುತ್ತಿರಲಿಲ್ಲ. ಕೂಡಿಬಂದಿದ್ದರೂ ದಲ್ಲಾಳಿಗಳ ಕೈ ದಾಟಿ ಬರುತ್ತಿತ್ತು.

ಲೈನು

ಬೇಲಿಯ ಪಕ್ಕ ನಡೆಯುತ್ತ ಹೋದರೆ ಇನ್ವರ್ಟರ್‌ಗಳ ಗುಂಯ್‌ಗುಡುವಿಕೆ ಬಿಟ್ಟು ಬೇರೆ ಸದ್ದಿಲ್ಲ. ಪಾರ್ಕನ್ನು 50 ಮೆಗಾವ್ಯಾಟ್‌ನ ತುಂಡುಗಳಾಗಿ ಹಂಚಲಾಗಿದೆ. ಪ್ರತಿ ತುಂಡಿನ ಕರೆಂಟು ನೆಲದಡಿಯ ಕೇಬಲ್ ಮೂಲಕ ಪಾರ್ಕಿನೊಳಗಿನ ಸಬ್‌ಸ್ಟೇಷನ್ ಸೇರಿ, ಅಲ್ಲಿಂದ ಕೇಂದ್ರದ ಪವರ್ ಗ್ರಿಡ್ ನಿಗಮ ಕಟ್ಟಿದ 400 ಕೆವಿ ಕೇಂದ್ರಕ್ಕೆ ಹೋಗುತ್ತದೆ. ರಸ್ತೆ, ಕೇಬಲ್, ಸಬ್‌ಸ್ಟೇಷನ್ ಎಲ್ಲವೂ ಮೊದಲೇ ಸಿದ್ಧವಾಗುವಂತೆ ಕೇಂದ್ರದ 2014ರ ಸೋಲಾರ್ ಪಾರ್ಕ್ ಯೋಜನೆ ಮೆಗಾವ್ಯಾಟ್‌ಗೆ 20 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟಿತು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಪಾರ್ಕನ್ನು ಉದ್ಘಾಟಿಸಿದರು. 2019ರ ಕೊನೆಗೆ ಅದು ಪೂರ್ಣಗೊಂಡಿತು. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್‌ಗೆ ಹೋಲಿಸಿದರೆ ಇದರ ಸಾಮರ್ಥ್ಯ ಹೆಚ್ಚುಕಡಿಮೆ ಎರಡರಷ್ಟು.

ಹರಾಜು

ಅಂಗಳ ಸರ್ಕಾರದ್ದು, ಆಟ ಮಾತ್ರ ಸ್ಪರ್ಧಿಗಳದ್ದು. ಯೂನಿಟ್‌ಗೆ ಯಾರು ಕಡಿಮೆ ಕೇಳುತ್ತಾರೋ ಅವರಿಗೆ ತುಂಡು. 2016ರಲ್ಲಿ ಎನ್‌ಟಿಪಿಸಿ ನಡೆಸಿದ ಹರಾಜಿನಲ್ಲಿ ಫೋರ್ಟಮ್ ಕಂಪನಿ 100 ಮೆಗಾವ್ಯಾಟ್ ಗೆದ್ದದ್ದು ಯೂನಿಟ್‌ಗೆ 4.79 ರೂಪಾಯಿಗೆ. ಅದೇ ಕಂಪನಿ 2018ರಲ್ಲಿ ಇದೇ ಪಾರ್ಕಿನಲ್ಲಿ 250 ಮೆಗಾವ್ಯಾಟ್ ಪಡೆದದ್ದು 2.85 ರೂಪಾಯಿಗೆ. ಅಧಿಕಾರಿಗಳು ಕೂತು ದರ ನಿಗದಿ ಮಾಡಿದ್ದರೆ ಎರಡೇ ವರ್ಷದಲ್ಲಿ ಇಷ್ಟು ಇಳಿಯುತ್ತಿತ್ತೆಂದು ನಾನು ನಂಬುವುದಿಲ್ಲ. ಪೈಪೋಟಿಯ ಬಲ ಇದು, ಒಪ್ಪಲೇಬೇಕು.

ಆದರೆ ಆ ಇಳಿಕೆಯ ಬೇರು ಹುಡುಕಿದರೆ ಮತ್ತೆ ಸರ್ಕಾರಗಳೇ ಸಿಗುತ್ತವೆ. 2000ದಲ್ಲಿ ಜರ್ಮನಿ ಕಾನೂನು ಮಾಡಿ ಸೌರವಿದ್ಯುತ್ತಿಗೆ ಖಾತರಿ ದರ ಕೊಟ್ಟಿತು. ಅಲ್ಲಿಂದ ಹುಟ್ಟಿದ ಬೇಡಿಕೆಗೆ ಚೀನಾ ತನ್ನ ಸರ್ಕಾರದ ಬೆಂಬಲದಿಂದ ರಾಶಿರಾಶಿ ಫಲಕ ತಯಾರಿಸಿತು, ಬೆಲೆ ಕುಸಿಯಿತು. ಇಲ್ಲಿ 25 ವರ್ಷದ ಖರೀದಿ ಒಪ್ಪಂದ ಇದ್ದುದರಿಂದ ಬ್ಯಾಂಕುಗಳು ಧೈರ್ಯವಾಗಿ ಸಾಲ ಕೊಟ್ಟವು. ಫೋರ್ಟಮ್‌ನ ಬಹುಪಾಲು ಷೇರು ಇರುವುದೂ ಫಿನ್ಲೆಂಡ್ ಸರ್ಕಾರದ ಬಳಿಯೇ.

ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೇಲಿಯಾಚೆಯ ಆಂಧ್ರವೇ ಸಾಕ್ಷಿ. 2019ರಲ್ಲಿ ಅಲ್ಲಿನ ಸರ್ಕಾರ ಹಳೆಯ ಒಪ್ಪಂದಗಳ ದರ ಇಳಿಸಲು ಹೊರಟಿತು. ಹೂಡಿಕೆದಾರರು ಕೋರ್ಟಿಗೆ ಹೋದರು. ಒಪ್ಪಂದದ ದರವನ್ನೇ ಕೊಡಬೇಕೆಂದು ಹೈಕೋರ್ಟ್ ಹೇಳಿದ್ದು 2022ರ ಮಾರ್ಚ್‌ನಲ್ಲಿ. ಸರ್ಕಾರ ಮಾರುಕಟ್ಟೆಗೆ ಕೊಡಬಹುದಾದ ದೊಡ್ಡ ನೆರವು ಸಬ್ಸಿಡಿಯಲ್ಲ, ನುಡಿದಂತೆ ನಡೆಯುವುದು.

ಸಂಜೆ, ಮತ್ತು ಬೇಲಿಯ ಆಚೆ

ಹೊತ್ತು ಇಳಿದಂತೆ ಪಾರ್ಕಿನ ಉತ್ಪಾದನೆಯೂ ಇಳಿಯುತ್ತದೆ. ಬೆಂಗಳೂರಿನ ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ಇಲ್ಲಿ ಶೂನ್ಯ. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಧ್ಯಾಹ್ನ ಅಗ್ಗವಾಗಿ ಸಿಗುವ ಯೂನಿಟ್ ಬೇಸಿಗೆಯ ಸಂಜೆಗಳಲ್ಲಿ ದುಬಾರಿಯಾಗುತ್ತದೆ. 2022ರ ಮಾರ್ಚ್‌ನಲ್ಲಿ ಬೆಲೆ ಹೇಗೆ ಏರಿತೆಂದರೆ, ಯೂನಿಟ್‌ಗೆ 12 ರೂಪಾಯಿ ದಾಟಬಾರದೆಂದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಮಿತಿ ಹಾಕಬೇಕಾಯಿತು. ಕಡಿಮೆ ದರಕ್ಕಷ್ಟೇ ಮಣೆ ಹಾಕಿದ ಹರಾಜು ಸಂಜೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡುವ ಬ್ಯಾಟರಿಯ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು.

ಬರೆಯದೆ ಬಿಟ್ಟ ಇನ್ನೊಂದು ಸಾಲು ಇದೆ. ಊರೊಳಗಿನ ಕಟ್ಟೆಯಲ್ಲಿ ಕೂತವರ ಮಾತು ಎರಡು ಬಗೆ. ಹೊಲ ಗುತ್ತಿಗೆಗೆ ಕೊಟ್ಟವರಿಗೆ ವರ್ಷ ವರ್ಷ ಹಣ ಬರುತ್ತದೆ. ಮಳೆಯ ಮುಖ ನೋಡುವ ಕಷ್ಟ ತಪ್ಪಿದೆ. ಹೊಲವೇ ಇಲ್ಲದವರಿಗೆ ಕಡಲೆಕಾಯಿ ಕಟಾವಿನ ಕೂಲಿ ಹೋಯಿತು. ಹುಲ್ಲು ಕೀಳುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಿಕ್ಕಿತು. ಕುರಿಗಾಹಿಗಳು ಮೇವಿಗಾಗಿ ಬೇಲಿ ಬಳಸಿಕೊಂಡು ದೂರ ಹೋಗಬೇಕು. ಕರಾರಿನಲ್ಲಿ ಹೂಡಿಕೆದಾರರಿದ್ದರು, ಸರ್ಕಾರವಿತ್ತು, ಭೂಮಾಲೀಕರಿದ್ದರು, ಇವರಿರಲಿಲ್ಲ. ಮಾರಲು ಏನೂ ಇಲ್ಲದವರನ್ನು ಮಾರುಕಟ್ಟೆ ಕಾಣುವುದಿಲ್ಲ. ಅವರನ್ನು ಕಾಣಬೇಕಾದದ್ದು ಸರ್ಕಾರ.

ಇಷ್ಟು ದೊಡ್ಡ ಪಾರ್ಕು ವರ್ಷಕ್ಕೆ 400 ಕೋಟಿ ಯೂನಿಟ್ ಆಸುಪಾಸು ಕೊಡಬಲ್ಲದು. ಯೂನಿಟ್‌ಗೆ ಒಂದೇ ಒಂದು ಪೈಸೆ ಎತ್ತಿಟ್ಟರೂ ವರ್ಷಕ್ಕೆ 4 ಕೋಟಿ ರೂಪಾಯಿ. ಪಾರ್ಕ್ ವಿಸ್ತರಿಸುವ ಪ್ರಸ್ತಾವದ ಬಗ್ಗೆ ಚರ್ಚೆ ನಡೆದಿದೆ. ಹೊಸ ಟೆಂಡರಿಗೆ ಸಹಿ ಬೀಳುವ ಮೊದಲೇ ಭೂಹೀನರಿಗೆ ಆ ಪೈಸೆಯನ್ನೂ ಕುರಿಗಳಿಗೆ ದಾರಿಯನ್ನೂ ಸಂಜೆಗೆ ಬ್ಯಾಟರಿಯನ್ನೂ ಅದರಲ್ಲಿ ಬರೆಯಿರಿ. ದರ ಎಷ್ಟೆಂಬುದನ್ನು ಆಮೇಲೆ ಹರಾಜಿಗೆ ಬಿಡಿ.