ಗಾಳಿಗೆ ಹಾಯಿ, ಕಡಲಿಗೆ ಓಟ: ಗಂಗಾಪುರದ ಕನ್ನಡಿಗರಿಗೊಂದು ನೆನಪು

ನಾಸಿಕ್: ಗಂಗಾಪುರ ಎಂದೊಡನೆ ಇಲ್ಲಿನ ಕನ್ನಡಿಗರಿಗೆ ನೆನಪಾಗುವುದು ನಳ್ಳಿಯ ನೀರು. ಗೋದಾವರಿಗೆ ಕಟ್ಟಿದ ಗಂಗಾಪುರ ಅಣೆಕಟ್ಟೆ ನಾಸಿಕ್ ನಗರದ ದಾಹ ತಣಿಸುತ್ತದೆ. ಇನ್ನೊಂದು ಗಂಗಾಪುರ ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲೂಕು ಕೇಂದ್ರ. ಎರಡಕ್ಕೂ ಕಡಲಿಲ್ಲ. ಆದರೆ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಕಡೆಯಿಂದ ಬಂದು ನೆಲೆಸಿದವರ ಮನೆಗಳಲ್ಲಿ ಕಡಲಿನ ಮಾತು ಇನ್ನೂ ಪೂರ್ತಿ ಆರಿಲ್ಲ.

ನಮ್ಮ ಹಿರಿಯರು ಕಂಡದ್ದು ಮಂಜಿ, ಮಚವೆಗಳನ್ನು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹೆಂಚು ಮುಂಬಯಿಗೆ ಹೋದದ್ದು ಇಂತಹ ಹಾಯಿ ಹಡಗುಗಳಲ್ಲೇ. ಅವುಗಳ ಕೂವೆಮರ ಮುಂದಕ್ಕೆ ಬಾಗಿರುತ್ತದೆ. ಓರೆಯಾಗಿ ತೂಗುವ ಉದ್ದನೆಯ ಮರಕ್ಕೆ ಹಾಯಿ ಕಟ್ಟಿರುತ್ತದೆ. ಗಾಳಿ ಹಿಡಿದರೆ ಒಳ್ಳೆಯ ಓಟ. ಆದರೆ ಎದುರು ಗಾಳಿಗೆ ದಿಕ್ಕು ಬದಲಿಸಲು ಆ ಭಾರದ ಮರವನ್ನು ಕೂವೆಯ ಇನ್ನೊಂದು ಬದಿಗೆ ಸಾಗಿಸಬೇಕು. ಅದಕ್ಕೆ ಆಳು ಬೇಕು, ಜಾಗವೂ ಬೇಕು.

ಯುರೋಪಿನ ಕರಾವಳಿಯಲ್ಲಿ ಬಳಕೆಗೆ ಬಂದ ಗ್ಯಾಫ್ ಹಾಯಿಯ ಕ್ರಮ ಬೇರೆ. ನಾಲ್ಕು ಮೂಲೆಯ ಹಾಯಿ ಪೂರ್ತಿ ಕೂವೆಯ ಹಿಂಬದಿಗೇ ಇರುತ್ತದೆ, ಮೇಲಂಚಿಗೊಂದು ಓರೆಗೋಲು. ದೋಣಿಯ ಮೂತಿ ತಿರುಗಿದರೆ ಹಾಯಿ ತಾನಾಗಿ ಮಗ್ಗುಲು ಬದಲಿಸುತ್ತದೆ. ಹಡಗುಗಳಿಗೆ ದಾರಿ ತೋರುವ ಬ್ರಿಸ್ಟಲ್ ಕಡೆಯ ಪೈಲಟ್‌ಗಳು ಇಂಥ ದೋಣಿಗಳಲ್ಲೇ ಓಡುತ್ತಿದ್ದರು. ಬರುವ ಹಡಗನ್ನು ಮೊದಲು ಮುಟ್ಟಿದವನಿಗೆ ಕೂಲಿ. ಅವರಿಗೆ ಪಂದ್ಯ ಎಂದರೆ ಅನ್ನ.

ಎಂಜಿನ್ ಬಂದ ಮೇಲೆ ಆ ದೋಣಿಗಳು ಮೂಲೆ ಸೇರಿದವು. ಅವನ್ನು ಉಳಿಸಲೆಂದೇ ಇಂಗ್ಲೆಂಡಿನಲ್ಲಿ 1963ರಲ್ಲಿ ಹಳೆಯ ಗ್ಯಾಫ್ ದೋಣಿಗಳ ಸಂಘ ಹುಟ್ಟಿತು. ಸಂಘದ ದಾರಿ ಸರಳ: ಪಂದ್ಯ ನಡೆಸಿದರೆ ದೋಣಿ ರಿಪೇರಿಯಾಗುತ್ತದೆ, ಮಕ್ಕಳು ಹಗ್ಗ ಹಿಡಿಯಲು ಕಲಿಯುತ್ತಾರೆ.

ಗಿಜಿಗುಡುವ ಕಡಲಲ್ಲಿ ಈ ಪಂದ್ಯ ಸುಲಭವಲ್ಲ. ಸಾಮಾನ್ಯವಾಗಿ ಎಂಜಿನ್ ಹಡಗು ಹಾಯಿದೋಣಿಗೆ ದಾರಿ ಬಿಡಬೇಕೆಂಬುದು 1972ರ ಅಂತಾರಾಷ್ಟ್ರೀಯ ನಿಯಮ. ಆದರೆ ಕಿರಿದಾದ ಕಾಲುವೆಯಲ್ಲಿ ಬರುವ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡ ಹೋಗುವಂತಿಲ್ಲ. ಮುಂಬಯಿ ಬಂದರಿನಂತಹ ಕಡೆ ಲಾಂಚು, ಮೀನುದೋಣಿ, ಸರಕು ಹಡಗುಗಳ ನಡುವೆ ಗಾಳಿಯನ್ನೂ ಉಬ್ಬರ ಇಳಿತವನ್ನೂ ಲೆಕ್ಕ ಹಾಕಬೇಕು. ಭಾರದ ಹಳೆಯ ದೋಣಿ ಥಟ್ಟನೆ ನಿಲ್ಲದು. ಅಪಾಯ ಕಂಡರೆ ಓರೆಗೋಲಿನ ತುದಿಯನ್ನು ಇಳಿಸಿಬಿಡುತ್ತಾರೆ. ಹಾಯಿ ಜೋತುಬಿದ್ದು ವೇಗ ಕುಗ್ಗುತ್ತದೆ. ಗೆಲ್ಲುವ ಆಸೆಗೆ ಅಷ್ಟು ತಡ ಮಾಡಿದರೂ ಕೆಟ್ಟಿತು.

ನಮ್ಮ ಪಾಲಿಗೂ ಒಂದು ಸಂತಸದ ಸುದ್ದಿ ಇದೆ. ಸಂಭಾಜಿನಗರ ಜಿಲ್ಲೆಯ ಅಜಂತಾ ಗುಹೆಯಲ್ಲಿ ಚಿತ್ರಿಸಿದ ಹಡಗನ್ನು ಆಧರಿಸಿ, ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ 'ಕೌಂಡಿನ್ಯ' 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ ತಲುಪಿತು. ನಮ್ಮ ನೆರೆಯ ಗುಹೆಯ ಗೋಡೆಯಿಂದ ಇಳಿದ ಹಡಗು ನಮ್ಮದೇ ಕಾರವಾರದಲ್ಲಿ ಪಡೆ ಸೇರಿತೆಂದರೆ ಹೆಮ್ಮೆಯಲ್ಲವೇ?

ಆದರೆ ಚಿತ್ರ ಉಳಿದರೆ ಹಡಗನ್ನು ಮತ್ತೆ ಕಟ್ಟಬಹುದು. ತಾಂಡೇಲರ ಮಾತು ಹೋದರೆ ಮರಳದು. ನೂಲ ಹುಣ್ಣಿಮೆಗೆ ನಮ್ಮ ಊರಲ್ಲಿ ಸಮುದ್ರ ಪೂಜೆ. ಅದೇ ದಿನ ಇಲ್ಲಿ ನಾರಳಿ ಪೌರ್ಣಿಮೆ. ಅಂದು ಸಂಘದ ಸಭೆಯಲ್ಲಿ ಮಂಜಿಯನ್ನು ಕಂಡ ಒಬ್ಬ ಹಿರಿಯರನ್ನು ಕೂರಿಸಿ, ಗಾಳಿಯ ಹೆಸರು, ಹಗ್ಗದ ಹೆಸರು, ಹಾಯಿಯ ಹೆಸರು ಕೇಳಿ ಬರೆದಿಡೋಣ. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ ಮತ್ತು ಒಂದು ಸಂಜೆ. ಹಿರಿಯರು ನಮ್ಮೊಂದಿಗಿರುವಾಗಲೇ ಈ ಕೆಲಸ ಆಗಲಿ.