ಪೈಥಾಗೊರಸ್ ಪ್ರಮೇಯಕ್ಕೆ ತ್ರಿಕೋನಮಿತಿಯ ರುಜುವಾತು: '2000 ವರ್ಷಗಳಲ್ಲಿ ಇದೇ ಮೊದಲು' ಎಂಬುದು ನಿಜವೇ?

"2000 ವರ್ಷಗಳಿಂದ ಯಾವ ಗಣಿತಜ್ಞರಿಗೂ ಆಗದ್ದನ್ನು ಇಬ್ಬರು ಶಾಲಾ ಬಾಲಕಿಯರು ಮಾಡಿದರು" ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ.

ಬಾಲಕಿಯರ ಸುದ್ದಿ ನಿಜ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಹೈಸ್ಕೂಲ್ ವಿದ್ಯಾರ್ಥಿನಿಯರಾದ ಕ್ಯಾಲ್ಸಿಯಾ ಜಾನ್ಸನ್ ಮತ್ತು ನಿಕಿಯಾ ಜಾಕ್ಸನ್, ತ್ರಿಕೋನಮಿತಿ ಬಳಸಿ ಪೈಥಾಗೊರಸ್ ಪ್ರಮೇಯವನ್ನು ಸಾಬೀತು ಮಾಡಿದರು. 2023ರ ಮಾರ್ಚ್‌ನಲ್ಲಿ ಅದನ್ನು ಗಣಿತಜ್ಞರ ಸಭೆಯಲ್ಲಿ ಮಂಡಿಸಿದರು. 2024ರಲ್ಲಿ ಅವರ ಲೇಖನ 'ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದು ಅಸಾಧ್ಯ ಎಂದು ಹೇಳಿದ್ದೇಕೆ?

ಹತ್ತನೇ ತರಗತಿಯಲ್ಲಿ ನಾವು ಕಲಿಯುವ ನಿತ್ಯಸಮೀಕರಣ: ಸೈನ್² ಎ + ಕಾಸ್² ಎ = 1. ಶಾಲೆಯಲ್ಲಿ ಇದನ್ನು ಸಾಧಿಸುವುದೇ ಪೈಥಾಗೊರಸ್ ಪ್ರಮೇಯದಿಂದ. ಮತ್ತೆ ಇದರಿಂದಲೇ ಆ ಪ್ರಮೇಯವನ್ನು ಸಾಧಿಸಿದರೆ, ಸಾಲಗಾರನೇ ತನ್ನ ಸಾಲಕ್ಕೆ ಜಾಮೀನು ನಿಂತಂತೆ. ಪ್ರಮೇಯದ ನೂರಾರು ರುಜುವಾತುಗಳನ್ನು ಸಂಗ್ರಹಿಸಿದ ಎಲಿಶಾ ಲೂಮಿಸ್ ಕೂಡ, ತ್ರಿಕೋನಮಿತಿಯ ರುಜುವಾತು ಸಾಧ್ಯವಿಲ್ಲ ಎಂದು ಇದೇ ಕಾರಣಕ್ಕೆ ಬರೆದಿದ್ದರು.

ಆದರೆ ಸೈನ್, ಕಾಸ್ ಎಂದರೆ ಬಾಹುಗಳ ಅನುಪಾತ ಮಾತ್ರ. ಅವುಗಳನ್ನು ವ್ಯಾಖ್ಯಾನಿಸಲು ಸಮರೂಪ ತ್ರಿಭುಜಗಳು ಸಾಕು, ಪೈಥಾಗೊರಸ್ ಬೇಡ. ಎರಡು ಕೋನಗಳ ವ್ಯತ್ಯಾಸದ ಸೂತ್ರವನ್ನೂ ಹಾಗೆಯೇ ಪಡೆಯಬಹುದು:

ಕಾಸ್(ಎ − ಬಿ) = ಕಾಸ್ ಎ × ಕಾಸ್ ಬಿ + ಸೈನ್ ಎ × ಸೈನ್ ಬಿ

ಈ ದಾರಿಯಲ್ಲೇ ಜೇಸನ್ ಜಿಂಬಾ 2009ರಲ್ಲಿ ಆ ನಿತ್ಯಸಮೀಕರಣವನ್ನು ಪೈಥಾಗೊರಸ್ ನೆರವಿಲ್ಲದೆ ಸಾಧಿಸಿದ್ದರು. ಅಂದರೆ ಬಾಲಕಿಯರಿಗಿಂತ 14 ವರ್ಷ ಮೊದಲು. ಬಾಲಕಿಯರ ದಾರಿ ಬೇರೆ: ಸೈನ್ ನಿಯಮ ಮತ್ತು ಚಿಕ್ಕದಾಗುತ್ತಾ ಹೋಗುವ ಅನಂತ ಸಮರೂಪ ತ್ರಿಭುಜಗಳ ಸಾಲು. ಹಾಗಾಗಿ 'ಮೊದಲಿಗರು' ಅಲ್ಲದಿದ್ದರೂ ಅವರ ವಿಧಾನ ಹೊಸದೇ.

ವಿದ್ಯಾರ್ಥಿಗಳಿಗೆ ಇದರಲ್ಲೇನಿದೆ?

'ಸಾಧಿಸಿ' ಎಂಬ ಪ್ರಶ್ನೆಗೆ ಎಡಭಾಗ = ಬಲಭಾಗ ಎಂದು ಮೊದಲೇ ಒಪ್ಪಿಕೊಂಡು ಹೊರಟರೆ ಅದೂ ಇದೇ ತಪ್ಪು. 1 = −1 ಎಂದುಕೊಂಡು ಎರಡೂ ಕಡೆ ವರ್ಗ ಮಾಡಿದರೆ 1 = 1 ಸಿಗುತ್ತದೆ; ಅಷ್ಟಕ್ಕೆ ಮೊದಲ ಸಾಲು ನಿಜವಾಗದು. ಒಂದು ಭಾಗದಿಂದ ಹೊರಟು, ಗೊತ್ತಿರುವ ಸೂತ್ರಗಳಿಂದ ಇನ್ನೊಂದನ್ನು ತಲುಪಿ.

ತೀರ್ಮಾನ: ಸಂದೇಶ ಅರ್ಧ ಸತ್ಯ. ಬಾಲಕಿಯರ ರುಜುವಾತು ನಿಜ, 'ಇದೇ ಮೊದಲು' ಎಂಬುದು ತಪ್ಪು. ಫಾರ್ವರ್ಡ್ ಮಾಡುವುದಾದರೆ ಆ ಒಂದು ಸಾಲನ್ನು ತಿದ್ದಿ ಕಳಿಸಿ.