ಹಳೆಯ ಕಾರಿನ ಇಂಜೆಕ್ಟರು: ಶುದ್ಧಿಯೂ ಪರೀಕ್ಷೆಯೂ

ಕಾರ್ಬ್ಯುರೇಟರಿನ ಕಾಲವು ಮುಗಿಯುತ್ತಿರಲು, 2000ದ ಆಸುಪಾಸಿನಲ್ಲಿ ಮಾರುತಿ 800ರಂಥ ಸಣ್ಣ ಕಾರಿನೊಳಕ್ಕೂ ಪ್ರವೇಶಿಸಿದ ಇಂಜೆಕ್ಟರೆಂಬ ಈ ಬೆರಳುದ್ದದ ವಸ್ತುವು ಅತಿಸೂಕ್ಷ್ಮ ರಂಧ್ರಗಳಿಂದ ಪೆಟ್ರೋಲನ್ನು ಮಂಜಿನಂತೆ ಸಿಂಪಡಿಸುವುದು. ವರ್ಷಗಳುರುಳಿದಂತೆ, ಬಿಸಿಯಾದ ಎಂಜಿನ್ ನಿಂತ ಬಳಿಕ ತುದಿಯಲ್ಲುಳಿದ ಇಂಧನವು ಆವಿಯಾಗಿ ಜಿಡ್ಡಿನ ಲೇಪವನ್ನು ಬಿಟ್ಟುಹೋಗಲು, ಆ ಮಂಜು ಒರಟು ಧಾರೆಯಾಗಿ, ಗಾಡಿಯು ನಿಂತಲ್ಲೇ ನಡುಗತೊಡಗುವುದು.

ಶುದ್ಧಿಗಾಗಿ ಇಂಜೆಕ್ಟರನ್ನು ಬಿಚ್ಚುವ ಮುನ್ನ ಪೆಟ್ರೋಲ್ ಪೈಪಿನ ಒತ್ತಡವನ್ನಿಳಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚತಕ್ಕದ್ದು. ಬೆಂಕಿಯ ಕಿಡಿಯೂ ಸಮೀಪದಲ್ಲಿರಕೂಡದು. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚೆನಿಸದು. ಮೊದಲು ಮಲ್ಟಿಮೀಟರಿನಿಂದ ಸುರುಳಿಯ ರೋಧವನ್ನಳೆಯಿರಿ. ಇಂತಹ ಕಾರುಗಳಲ್ಲಿ ಅದು ಸಾಮಾನ್ಯವಾಗಿ 12ರಿಂದ 16 ಓಮ್. ಸುರುಳಿಯೇ ಕಡಿದಿದ್ದರೆ ತೊಳೆದು ಫಲವಿಲ್ಲ. ಬಳಿಕ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ, ವಿದ್ಯುತ್ತಿನ ಮಿಡಿತಕ್ಕೆ ಇಂಜೆಕ್ಟರು ತೆರೆದು ಮುಚ್ಚುತ್ತಿರುವಾಗಲೇ, ಶ್ರವಣಾತೀತ ತರಂಗಗಳು ಕೊಳೆಯನ್ನು ಬಿಡಿಸುವುವು.

ಆದರೆ ಶುದ್ಧಿಗಿಂತ ಪರೀಕ್ಷೆಯೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಪರೀಕ್ಷಾಯಂತ್ರದ ಗಾಜಿನ ಅಳತೆಗೊಳವೆಗಳಲ್ಲಿ ಎಲ್ಲ ಇಂಜೆಕ್ಟರುಗಳೂ ಸಮಕಾಲದಲ್ಲಿ ಸಮಪ್ರಮಾಣದ ದ್ರವವನ್ನು ಸುರಿಸಬೇಕು. ಒತ್ತಡವಿದ್ದೂ ಮುಚ್ಚಿದ ಬಾಯಿಂದ ಹನಿಯೊಂದೂ ಜಿನುಗಬಾರದು.

ಮರುಜೋಡಿಸುವಾಗ ಹಳೆಯ ಓ-ರಿಂಗುಗಳನ್ನು ಬಳಸದೆ, ಹೊಸವಕ್ಕೆ ತುಸು ಎಂಜಿನ್ ಎಣ್ಣೆ ಸವರಿ ಕೂರಿಸಿರಿ. ಎಲ್ಲಿಯೂ ಸೋರಿಕೆಯಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಗಾಡಿಯನ್ನು ಚಾಲೂ ಮಾಡಿರಿ.